ದಾಸವಾಣಿಯ ದಾರಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ, ನೇತ್ರಾವತಿಯ ದಡದ ಮೇಲೆ, ಪಾಣೆಮಂಗಳೂರು ಎಂಬ ಊರು ಇದೆ. ಬಂಟ್ವಾಳದ ಕಡೆಯಿಂದ ಬರುವವರು ಸೇತುವೆಯನ್ನು ದಾಟಿ ಈ ಊರನ್ನು ಸೇರುತ್ತಾರೆ. ಇಲ್ಲಿ ವೀರ ವಿಠಲನ ದೇವಾಲಯವಿದೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಈ ಸೀಮೆಯ ದೇವಾಲಯಗಳಲ್ಲಿಯೂ ಭಜನಾಮಂದಿರಗಳಲ್ಲಿಯೂ ತಾಳದ ಸದ್ದು ಕೇಳಿಬರುವುದುಂಟು. ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ. ಒಬ್ಬರು ಮುಂದಾಗಿ ಒಂದು ಸಾಲನ್ನು ಹಾಡುತ್ತಾರೆ; ಉಳಿದವರೆಲ್ಲರೂ ಅದೇ ಸಾಲನ್ನು ಒಕ್ಕೊರಲಿನಿಂದ ಮತ್ತೆ ಹಾಡುತ್ತಾರೆ. ವಿಶೇಷ ದಿನಗಳಲ್ಲಿ ಏಕಾಹ ಭಜನೆ ನಡೆಯುತ್ತದೆ. ಆಗ ಒಂದು ಹಗಲು ಒಂದು ಇರುಳು ಹಾಡು ನಿಲ್ಲಬಾರದು. ಸಪ್ತಾಹವಾದರೆ ಏಳು ದಿನಗಳ ಕಾಲ ಒಂದು ತಂಡದ ಕೈಯಿಂದ ಇನ್ನೊಂದು ತಂಡದ ಕೈಗೆ ತಾಳವು ಸಾಗುತ್ತಲೇ ಇರಬೇಕು.

ಈ ಭಜನೆಯಲ್ಲಿ ಒಂದು ಸೋಜಿಗವುಂಟು. ಹಾಡುವವರಲ್ಲಿ ಹಲವರ ಮನೆಮಾತು ತುಳು, ಹಲವರದು ಕೊಂಕಣಿ. ಆದರೆ ಅವರ ಬಾಯಲ್ಲಿ ಬರುವ ಹಾಡುಗಳಲ್ಲಿ ಬಹಳಷ್ಟು ಪುರಂದರದಾಸರವು, ಕನಕದಾಸರವು, ವಾದಿರಾಜರವು. ಮನೆಯಲ್ಲಿ ಬೇರೆ ನುಡಿಯನ್ನಾಡುವವರೂ ದೇವರ ಮುಂದೆ ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರಾರೂ ತಮ್ಮನ್ನು ಸಂಗೀತಗಾರರೆಂದು ಕರೆದುಕೊಳ್ಳುವುದಿಲ್ಲ. ಬೀಡಿ ಕಟ್ಟುವವರು, ಅಂಗಡಿಯವರು, ಅಡಕೆ ತೋಟದವರು, ಶಾಲೆಯ ಹುಡುಗರು, ಎಲ್ಲರೂ ಹಾಡಬಲ್ಲ ಹಾಡು ಅದು.

ಈಗ ಇನ್ನೊಂದು ಚಿತ್ರವನ್ನು ನೋಡೋಣ. ದೊಡ್ಡ ಸಭಾಂಗಣ. ವೇದಿಕೆಯ ಮೇಲೆ ಎರಡು ತಂಬೂರಿಗಳು. ನಡುವೆ ಕುಳಿತವರು ದೇಶದ ಹಿರಿಯ ಗವಾಯಿ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸಬಲ್ಲ ಉಸಿರು, ಮಿಂಚಿನಂತೆ ಮೇಲೇರಿ ಕೆಳಗಿಳಿಯಬಲ್ಲ ಕಂಠ ಅವರದು. ಅವರು ಬಾಯಿ ತೆರೆದು ಹಾಡುತ್ತಿರುವುದಾದರೂ ಏನನ್ನು? ಪಾಣೆಮಂಗಳೂರಿನ ಸೀಮೆಯ ಹುಡುಗರು ಸಂಜೆಯ ಭಜನೆಯಲ್ಲಿ ಹಾಡುವ ಆ ಪುರಂದರದಾಸರ ಪದವನ್ನೇ! ಆ ಗವಾಯಿಗಳೇ ಪಂಡಿತ ಭೀಮಸೇನ ಜೋಶಿಯವರು. ರಾಗಸಂಗೀತದ ಶಿಖರವನ್ನೇರಿದ ಈ ಕಲಾವಿದರು ಜನಸಾಮಾನ್ಯರ ಭಕ್ತಿಗೀತೆಗೆ ಹೇಗೆ ಬಂದರು? ಬಂದುದರಿಂದ ಅವರ ಕಲೆ ಕಿರಿದಾಯಿತೆ, ಹಿರಿದಾಯಿತೆ? ಇದು ವಿಚಾರ ಮಾಡತಕ್ಕ ಪ್ರಶ್ನೆ.

ಭೀಮಸೇನ ಜೋಶಿಯವರು ಹುಟ್ಟಿದುದು 1922ನೆಯ ಇಸವಿ ಫೆಬ್ರವರಿ 4ರಂದು, ಗದಗ ಸೀಮೆಯಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲೆಯ ಮಾಸ್ತರರು. ತಾಯಿ ಮನೆಯಲ್ಲಿ ದೇವರ ಹಾಡುಗಳನ್ನು ಹಾಡುತ್ತಿದ್ದರು. ಬಾಲಕನ ಕಿವಿಗೆ ಮೊದಲು ಬಿದ್ದ ಸಂಗೀತ ಅದೇ. ಬೀದಿಯಲ್ಲಿ ವಾದ್ಯದ ಮೆರವಣಿಗೆ ಹೊರಟರೆ ಸಾಕು, ಹುಡುಗ ಅದರ ಬೆನ್ನು ಹತ್ತುತ್ತಿದ್ದನು. ನಡೆದು ನಡೆದು ದಣಿದು ಎಲ್ಲಿಯೋ ಮಲಗಿ ನಿದ್ರಿಸಿಬಿಡುತ್ತಿದ್ದನು. ಮನೆಯವರು ಹುಡುಕಿ ಹುಡುಕಿ ಪೊಲೀಸರ ಬಳಿಗೂ ಹೋಗಬೇಕಾಗುತ್ತಿತ್ತು. ಬೇಸತ್ತ ತಂದೆ ಕಡೆಗೆ ಒಂದು ಉಪಾಯ ಮಾಡಿದರು. ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ಆ ಮೇಲೆ ಹುಡುಗ ಎಲ್ಲಿ ಮಲಗಿದ್ದರೂ ಕಂಡವರು ಮನೆಗೆ ಮುಟ್ಟಿಸುವಂತಾಯಿತು.

ಒಮ್ಮೆ ಈ ಬಾಲಕನು ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿದನು. ಝಿಂಝೋಟಿ ರಾಗದ ಆ ಠುಮರಿ ಅವನ ಮನಸ್ಸನ್ನು ಸೆರೆಹಿಡಿಯಿತು. ಹಾಡಿದರೆ ಹೀಗೆ ಹಾಡಬೇಕು ಎಂಬ ಹಟ ಹುಟ್ಟಿತು. 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಗುರುವನ್ನು ಅರಸಿ ಆತ ಮನೆಯನ್ನು ಬಿಟ್ಟು ಹೊರಟನು. ಕೈಯಲ್ಲಿ ಹಣವಿರಲಿಲ್ಲ. ಸಹಪ್ರಯಾಣಿಕರ ನೆರವಿನಿಂದ ರೈಲಿನಲ್ಲಿ ಊರಿಂದೂರಿಗೆ ಅಲೆಯುತ್ತ ಗ್ವಾಲಿಯರ್, ದೆಹಲಿ, ಕಲ್ಕತ್ತ, ಲಖನೌ, ರಾಂಪುರಗಳನ್ನು ಸುತ್ತಿ, ಕಡೆಗೆ ಜಲಂಧರವನ್ನು ಸೇರಿದನು. ಮಗನ ಜಾಡು ಹಿಡಿದು ತಂದೆ ಅಲ್ಲಿಗೆ ಹೋಗಿ ಅವನನ್ನು ಕರೆತಂದರು. ದೇಶವನ್ನೆಲ್ಲ ಸುತ್ತಿ ಬಂದವನಿಗೆ ಗುರು ದೊರೆತುದು ಮಾತ್ರ ತನ್ನ ನೆಲದಲ್ಲಿಯೇ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಆತನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಸವಾಯಿ ಗಂಧರ್ವರ ನಿಜನಾಮ ರಾಮಭಾವು ಕುಂದಗೋಳಕರ. ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಹೀಗೆ, ಯಾವ ಧ್ವನಿಯನ್ನು ಕೇಳಿ ಹುಡುಗ ಮನೆ ಬಿಟ್ಟಿದ್ದನೋ ಆ ಧ್ವನಿಯ ಪರಂಪರೆಯೇ ಅವನನ್ನು ಕೈಹಿಡಿಯಿತು. ಆ ಪರಂಪರೆಗೆ ಕಿರಾಣಾ ಘರಾಣೆ ಎಂದು ಹೆಸರು. ಸ್ವರದ ಶುದ್ಧಿಗೂ ರಾಗವನ್ನು ಒಂದೊಂದೇ ಸ್ವರವಾಗಿ ತಾಳ್ಮೆಯಿಂದ ಬಿಡಿಸಿ ತೋರುವುದಕ್ಕೂ ಅಲ್ಲಿ ಬಹಳ ಬೆಲೆ. ಗುರುಗಳ ಮನೆಯಲ್ಲಿಯೇ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ, ಭೀಮಸೇನರು ವಿದ್ಯೆ ಕಲಿತರು. ಹಿರಿಯ ಗಾಯಕಿ ಗಂಗೂಬಾಯಿ ಹಾನಗಲ್ ಅವರೂ ಅದೇ ಗುರುಗಳ ಶಿಷ್ಯೆ. 1941ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಭೀಮಸೇನರು ಮೊದಲ ಬಾರಿಗೆ ಸಭೆಯಲ್ಲಿ ಹಾಡಿದರು. ಮರುವರ್ಷ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಅದರಲ್ಲಿದ್ದುದು ಕೆಲವು ಭಕ್ತಿಗೀತೆಗಳು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. 1943ರಲ್ಲಿ ಅವರು ಮುಂಬಯಿಗೆ ಹೋಗಿ ಆಕಾಶವಾಣಿಯ ಕಲಾವಿದರಾದರು. ಗುರುಗಳ ಅರುವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, 1946ರಲ್ಲಿ, ಅವರು ಹಾಡಿದ ಹಾಡು ರಸಿಕರ ಮೆಚ್ಚುಗೆಯನ್ನು ಗಳಿಸಿತು. ಅಲ್ಲಿಂದ ಮುಂದೆ ಖ್ಯಾಲ್ ಗಾಯನದಲ್ಲಿ ಅವರ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಖ್ಯಾಲ್ ಎಂದರೇನು? ಹಿಂದೂಸ್ತಾನಿ ಸಂಗೀತದ ಒಂದು ಮುಖ್ಯ ಹಾಡುಗಾರಿಕೆಯೇ ಖ್ಯಾಲ್. ಅದರಲ್ಲಿ ಸಾಹಿತ್ಯ ಬಹಳ ಕಡಿಮೆ. ಎರಡು ಮೂರು ಸಾಲುಗಳು ಇದ್ದರಾಯಿತು. ಆ ಸಾಲುಗಳು ಗಾಯಕನಿಗೆ ಗೂಟವಿದ್ದಂತೆ. ರಾಗವೆಂಬ ಹಗ್ಗವನ್ನು ಅದಕ್ಕೆ ಕಟ್ಟಿ ಅವನು ಎಷ್ಟು ದೂರಕ್ಕಾದರೂ ಸುತ್ತಿಬರಬಹುದು. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳು. ಅವುಗಳ ನಡೆ ಎಷ್ಟು ನಿಧಾನವೆಂದರೆ ತಾಳವು ಒಂದು ಸುತ್ತು ಮುಗಿಸಿ ಮೊದಲಿಗೆ ಬರಲು ಅರ್ಧ ನಿಮಿಷಕ್ಕಿಂತಲೂ ಹೆಚ್ಚು ಹೊತ್ತು ಹಿಡಿಯಬಹುದು. ಆ ವಿಶಾಲವಾದ ಬಯಲಿನಲ್ಲಿ ಗಾಯಕನು ಆಲಾಪ ಮಾಡುತ್ತಾನೆ, ಸ್ವರಗಳನ್ನು ಜೋಡಿಸುತ್ತಾನೆ, ಕಡೆಗೆ ತಾನುಗಳ ಮಳೆಗರೆಯುತ್ತಾನೆ. ಮಾತು ಅಲ್ಲಿ ನೆಪ, ರಾಗವೇ ರಾಜ.

ದೇವರನಾಮದ ರೀತಿ ಇದಕ್ಕೆ ವಿರುದ್ಧವಾದುದು. ಅದರಲ್ಲಿ ಪಲ್ಲವಿಯುಂಟು, ಒಂದರ ಮೇಲೊಂದು ಚರಣಗಳುಂಟು. ದಾಸರು ಮಾತನ್ನು ಸುಮ್ಮನೆ ಆಡಿದವರಲ್ಲ. ಅಲ್ಲಿ ಮೊರೆಯಿದೆ, ನಿಂದಾಸ್ತುತಿಯಿದೆ, ಲೋಕದ ಡಂಬಾಚಾರವನ್ನು ಕಂಡು ನಗುವ ವ್ಯಂಗ್ಯವಿದೆ, ಜಾತಿಯ ಹೆಮ್ಮೆಯನ್ನು ಪ್ರಶ್ನಿಸುವ ಧೈರ್ಯವಿದೆ. ಒಂದು ಚರಣದ ಮಾತು ಮುಂದಿನ ಚರಣಕ್ಕೆ ದಾರಿ ಮಾಡಿಕೊಡುತ್ತದೆ. ನಡುವೆ ಒಂದು ಪದ ಕೇಳುಗನ ಕಿವಿಗೆ ತಪ್ಪಿದರೆ ಅರ್ಥದ ಎಳೆ ಕಡಿಯುತ್ತದೆ. ತಾಳವಾದರೋ ಸಾಮಾನ್ಯವಾಗಿ ಎಂಟು ಮಾತ್ರೆಗಳ ಸರಳವಾದ ನಡೆ; ಕೆಲವೇ ಕ್ಷಣಗಳಲ್ಲಿ ಸುತ್ತು ಮುಗಿದು ಮತ್ತೆ ಮೊದಲಾಗುತ್ತದೆ. ಇಲ್ಲಿ ಮಾತೇ ರಾಜ. ರಾಗವು ಮಂತ್ರಿಯ ಹಾಗೆ ಅದರ ಮಗ್ಗುಲಲ್ಲಿ ನಡೆಯಬೇಕು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಪಾಣೆಮಂಗಳೂರಿನಂತಹ ಊರಿನ ಭಜನೆಗೆ, ನಾಲ್ಕಾರು ವರ್ಷ ಸಂಗೀತ ಕಲಿತ ಹುಡುಗನೊಬ್ಬ ಬಂದನೆಂದು ಇಟ್ಟುಕೊಳ್ಳಿರಿ. ಮುಂದಾಗಿ ಹಾಡುವ ಸರದಿ ಅವನಿಗೆ ಬಂದಿತು. ತಾನು ಕಲಿತುದನ್ನೆಲ್ಲ ತೋರಿಸುವ ಆಸೆಯಿಂದ ಅವನು ಪಲ್ಲವಿಯ ಒಂದು ಅಕ್ಷರವನ್ನು ಹಿಡಿದು ಉದ್ದಕ್ಕೆ ಎಳೆದನು. ಮೇಲಿನ ಷಡ್ಜಕ್ಕೇರಿ ಅಲ್ಲಿಂದ ತಾನುಗಳನ್ನು ಉರುಳಿಸಿದನು. ತಾಳ ಹಾಕುತ್ತಿದ್ದವರು ತಡವರಿಸಿದರು. ಹಿಂದಿನಿಂದ ಹಾಡುವವರಿಗೆ ಎಲ್ಲಿ ದನಿಗೂಡಿಸಬೇಕೆಂಬುದೇ ತಿಳಿಯಲಿಲ್ಲ. ಹುಡುಗನ ಕಂಠವನ್ನು ಎಲ್ಲರೂ ಕೇಳಿದರು. ಆದರೆ ಹಾಡನ್ನು ಯಾರೂ ಕೇಳಲಿಲ್ಲ. ಅವನ ವಿದ್ಯೆ ಸುಳ್ಳಲ್ಲ, ಕಂಠವೂ ಕೆಟ್ಟದ್ದಲ್ಲ. ತಪ್ಪಿದುದು ಒಂದೇ: ತನ್ನ ವಿದ್ಯೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನು ಇನ್ನೂ ಕಲಿತಿರಲಿಲ್ಲ.

ನಾಲ್ಕು ವರ್ಷ ಕಲಿತವನಿಗೇ ಈ ಆಸೆಯನ್ನು ಹತ್ತಿಕ್ಕುವುದು ಕಷ್ಟವಾದರೆ, ನಾಲ್ವತ್ತು ವರ್ಷ ಸಾಧನೆ ಮಾಡಿದವರಿಗೆ ಅದು ಇನ್ನೆಷ್ಟು ಕಷ್ಟವಾಗಿರಬೇಕು! ಭೀಮಸೇನ ಜೋಶಿಯವರ ದಾಸವಾಣಿಯ ಹಿರಿಮೆ ಇರುವುದು ಇಲ್ಲಿಯೇ.

ಖ್ಯಾಲ್ ಗಾಯಕರು ಕಚೇರಿಯ ಕೊನೆಯಲ್ಲಿ ಒಂದು ಭಜನೆಯನ್ನೋ ಠುಮರಿಯನ್ನೋ ಹಾಡಿ ಮುಗಿಸುವುದು ಮೊದಲಿನಿಂದಲೂ ಇದ್ದ ಪದ್ಧತಿ. ಊಟದ ಕೊನೆಗೆ ಎಲೆಯಡಕೆ ಇದ್ದಂತೆ ಅದು. ಭೀಮಸೇನರು ಅಷ್ಟಕ್ಕೆ ನಿಲ್ಲಲಿಲ್ಲ. ಅವರು ನೆಲೆಸಿದ್ದುದು ಪುಣೆಯಲ್ಲಿ. ಪಂಢರಪುರದ ವಿಠಲನನ್ನು ಕುರಿತು ಜ್ಞಾನೇಶ್ವರ, ನಾಮದೇವ, ತುಕಾರಾಮರಂತಹ ಸಂತರು ರಚಿಸಿದ ಅಭಂಗಗಳು ಅಲ್ಲಿಯ ಜನರ ಉಸಿರು. ಆ ಅಭಂಗಗಳನ್ನು ‘ಸಂತವಾಣಿ’ ಎಂಬ ಹೆಸರಿನಿಂದಲೂ ಕನ್ನಡದ ದಾಸರ ಪದಗಳನ್ನು ‘ದಾಸವಾಣಿ’ ಎಂಬ ಹೆಸರಿನಿಂದಲೂ ಅವರು ಪೂರ್ಣ ಕಚೇರಿಗಳಾಗಿ ಹಾಡತೊಡಗಿದರು. ಎಲೆಯಡಕೆಯಾಗಿದ್ದುದೇ ಊಟವಾಯಿತು. ಎರಡು ನುಡಿಗಳ ಈ ಹಾಡುಗಳಲ್ಲಿಯೂ ಮತ್ತೆ ಮತ್ತೆ ಬರುವ ಹೆಸರು ವಿಠಲನದೇ. ಪಂಢರಪುರದ ವಿಠಲ, ಹಂಪೆಯ ವಿಜಯವಿಠಲ, ಪುರಂದರದಾಸರ ಅಂಕಿತವಾದ ಪುರಂದರವಿಠಲ, ಪಾಣೆಮಂಗಳೂರಿನ ವೀರವಿಠಲ: ಊರು ಬೇರೆ, ನುಡಿ ಬೇರೆ, ಕರೆಯುವ ಹೆಸರು ಒಂದೇ.

ಇಲ್ಲಿ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಕರೆಯುತ್ತೇವೆ. ಇಂದಿಗೂ ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳು ಮಾಯಾಮಾಳವಗೌಳ ರಾಗದ ಸರಳೆ ವರಸೆಗಳಿಂದ ತೊಡಗುವುದು ದಾಸರು ಹಾಕಿದ ಕ್ರಮವೆಂದೇ ಪ್ರತೀತಿ. ಆದರೆ ಹದಿನಾರನೆಯ ಶತಮಾನದಲ್ಲಿ ದಾಸರು ತಮ್ಮ ಪದಗಳನ್ನು ಹಾಡಿದ ಮಟ್ಟುಗಳು ಸ್ವರಲಿಪಿಯಲ್ಲಿ ಬರೆದು ಉಳಿದಿಲ್ಲ. ನಮಗೆ ಉಳಿದಿರುವುದು ಸಾಹಿತ್ಯ. ಅದಕ್ಕೆ ಕಾಲಕಾಲಕ್ಕೆ ಹಾಡುವವರು ತಮ್ಮ ತಮ್ಮ ರಾಗವನ್ನು ತೊಡಿಸುತ್ತ ಬಂದಿದ್ದಾರೆ. ದಕ್ಷಿಣದ ವಿದ್ವಾಂಸರು ಕರ್ನಾಟಕ ರಾಗಗಳನ್ನು ತೊಡಿಸಿದರು. ಅಜ್ಜಿಯರು ತಮಗೆ ಬಂದ ಧಾಟಿಯಲ್ಲಿ ಹಾಡಿಕೊಂಡರು. ಕರಾವಳಿಯ ಭಜನಾ ಮಂಡಳಿಗಳು ಗುಂಪಿನಲ್ಲಿ ಹಾಡಲು ತಕ್ಕ ಮಟ್ಟುಗಳನ್ನು ಕಟ್ಟಿಕೊಂಡವು. ಭೀಮಸೇನರು ಅದೇ ಸಾಹಿತ್ಯವನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ತೋರಿಸಿದರು. ಅವರು ಹಾಡಿದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕನ್ನಡಿಗರ ಮನೆಮನೆಗಳನ್ನು ಮುಟ್ಟಿತು. ಖ್ಯಾಲನ್ನು ಒಮ್ಮೆಯೂ ಕೇಳದವರು, ಕೇಳಿದರೂ ತಮಗೆ ತಿಳಿಯದೆಂದು ಎದ್ದು ಹೋಗುವವರು ಈ ಹಾಡಿಗೆ ನಿಂತು ಕಿವಿಗೊಟ್ಟರು.

ಆ ಹಾಡುಗಾರಿಕೆಯನ್ನು ಗಮನವಿಟ್ಟು ಕೇಳಿದರೆ ಒಂದು ಮಾತು ಹೊಳೆಯುತ್ತದೆ. ಗವಾಯಿಗಳು ತಮ್ಮ ವಿದ್ಯೆಯನ್ನು ಹೊರಗೆ ಬಿಟ್ಟು ಬಂದಿಲ್ಲ. ಪಲ್ಲವಿಯ ಒಂದು ಪದವನ್ನು ಹಿಡಿದು ಅವರು ಹಲವು ಬಗೆಯಾಗಿ ತಿರುವುತ್ತಾರೆ. ಒಮ್ಮೆ ಬೇಡಿದಂತೆ, ಒಮ್ಮೆ ಅಕ್ಕರೆಯಿಂದ ಕರೆದಂತೆ, ಒಮ್ಮೆ ಹಟ ಹಿಡಿದಂತೆ. ಸಣ್ಣದೊಂದು ತಾನು ಮಿಂಚಿ ಮರೆಯಾಗುತ್ತದೆ. ಆದರೆ ಚರಣ ಬಂದೊಡನೆ ಮಾತು ಸ್ಪಷ್ಟವಾಗಿ, ನೇರವಾಗಿ ಬರುತ್ತದೆ. ಎಂಟು ಮಾತ್ರೆಗಳ ಪುಟ್ಟ ಅಂಗಳದಲ್ಲಿ ಬಯಲಿನ ಬಲವಿರುವ ದನಿ ಮೈ ತಗ್ಗಿಸಿ ನಡೆಯುತ್ತದೆ. ಆನೆಯು ತುಳಸಿಕಟ್ಟೆಯನ್ನು ಬಳಸಿಕೊಂಡು ಹೋದಂತೆ, ಬಲವಿದ್ದೂ ಏನನ್ನೂ ತುಳಿಯದೆ ನಡೆಯುವ ಆ ಎಚ್ಚರವು ಬಲವಿಲ್ಲದವನಿಗೆ ಬರುವಂಥದಲ್ಲ.

ಹೀಗೆ ಬಂದವರು ಭೀಮಸೇನರೊಬ್ಬರೇ ಅಲ್ಲ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ನಾಟಕ ಕಂಪನಿಯಿಂದ ತಮ್ಮ ದಾರಿಯನ್ನು ತೊಡಗಿ, ಜಯಪುರ-ಅತ್ರೌಲಿ ಘರಾಣೆಯ ಕಠಿಣವಾದ ಗಾಯಕಿಯನ್ನು ಕರಗತ ಮಾಡಿಕೊಂಡವರು. ಅಪರೂಪದ ರಾಗಗಳನ್ನು ಹಾಡುವುದರಲ್ಲಿ ಅವರಿಗೆ ಸಮಾನರು ವಿರಳ. ಅವರೂ ಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ರಾಗದಲ್ಲಿ ಅಳವಡಿಸಿ ಹಾಡಿದರು. ವಚನಕ್ಕೆ ಪಲ್ಲವಿಯಿಲ್ಲ, ಪ್ರಾಸದ ಕಟ್ಟಿಲ್ಲ, ತಾಳಕ್ಕೆ ಹೊಂದುವ ಸಾಲುಗಳ ಅಳತೆಯೂ ಇಲ್ಲ. ಅದು ಮಾತಾಡಿದಂತೆ ಇರುವ ಬರಹ. ಅದನ್ನು ಅರ್ಥ ಕೆಡದಂತೆ ತಾಳದಲ್ಲಿ ಕೂರಿಸಿ ಹಾಡುವುದು ಸಣ್ಣ ಸಾಧನೆಯಲ್ಲ. 1992ರಲ್ಲಿ ಅವರು ತೀರಿಕೊಂಡರು. ಅವರ ವಚನಗಾಯನವನ್ನು ಜನರು ಇಂದಿಗೂ ಕೇಳುತ್ತಾರೆ.

ಈ ಬಗೆಯ ದಾರಿ ನಮ್ಮ ನಾಡಿಗಷ್ಟೇ ಸೀಮಿತವಾದುದೂ ಅಲ್ಲ. ದೂರದ ಅಮೆರಿಕದಲ್ಲಿ ನೀಗ್ರೋ ಗುಲಾಮರೆನಿಸಿ ಬಹುಕಾಲ ದುಡಿದ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ಬೆಳೆಸಿದ ಭಕ್ತಿಗೀತೆಗೆ ‘ಗಾಸ್ಪೆಲ್’ ಎಂದು ಹೆಸರು. ಅದೇ ಜನರ ಲೌಕಿಕ ಹಾಡುಗಳಲ್ಲಿ ಹಳೆಯದು ‘ಬ್ಲೂಸ್’. ಗಾಸ್ಪೆಲಿನ ಆವೇಶವನ್ನು ಪ್ರೇಮ ವಿರಹಗಳ ಹಾಡಿಗೆ ತಂದುಕೊಂಡು 1950 ಮತ್ತು 60ರ ದಶಕಗಳಲ್ಲಿ ಬೆಳೆದುದು ‘ಸೋಲ್’ ಸಂಗೀತ. ಟಾಮಸ್ ಡಾರ್ಸಿ ಎಂಬವರು ಬ್ಲೂಸ್ ಹಾಡುಗಳಿಗೆ ಪಿಯಾನೋ ನುಡಿಸಿ ಹೆಸರಾದವರು. ಅವರು ಭಕ್ತಿಗೀತೆಗಳನ್ನು ಬ್ಲೂಸ್ ಧಾಟಿಯಲ್ಲಿ ರಚಿಸಿದಾಗ, ಇದು ಚರ್ಚಿಗೆ ತಕ್ಕ ಸಂಗೀತವಲ್ಲವೆಂದು ಹಲವರು ಬಾಗಿಲು ಮುಚ್ಚಿದರು. 1932ರಲ್ಲಿ ಹೆರಿಗೆಯ ವೇಳೆಯಲ್ಲಿ ಅವರ ಮಡದಿ ತೀರಿಕೊಂಡರು. ಹುಟ್ಟಿದ ಶಿಶುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ಕಟ್ಟಿದ ಪ್ರಾರ್ಥನಾಗೀತೆ ಲೋಕದಲ್ಲೆಲ್ಲ ಹರಡಿತು. ಬಾಗಿಲು ಮುಚ್ಚಿದ್ದ ಚರ್ಚುಗಳೂ ಅವರ ಸಂಗೀತವನ್ನು ಬರಮಾಡಿಕೊಂಡವು. ಇಂದು ಅವರನ್ನು ಗಾಸ್ಪೆಲ್ ಸಂಗೀತದ ಜನಕರೆಂದು ಗೌರವಿಸುತ್ತಾರೆ.

ಅರೀಥಾ ಫ್ರಾಂಕ್ಲಿನ್ ಎಂಬ ಗಾಯಕಿಯ ಕಥೆಯೂ ನೆನೆಯತಕ್ಕದ್ದು. ಡೆಟ್ರಾಯಿಟ್ ನಗರದ ಚರ್ಚೊಂದರಲ್ಲಿ ಅವರ ತಂದೆ ಧರ್ಮಬೋಧಕರು. ಅರೀಥಾ ಬಾಲ್ಯದಲ್ಲಿ ಹಾಡಿದುದು ಆ ಚರ್ಚಿನಲ್ಲಿಯೇ. ಬೆಳೆದ ಮೇಲೆ ಸೋಲ್ ಸಂಗೀತದ ರಾಣಿಯೆಂದು ಹೆಸರಾದರು. ಕೀರ್ತಿಯ ಶಿಖರದಲ್ಲಿದ್ದಾಗ, 1972ರ ಜನವರಿಯಲ್ಲಿ, ಲಾಸ್ ಏಂಜಲೀಸಿನ ಚರ್ಚೊಂದಕ್ಕೆ ಬಂದು ಎರಡು ಸಂಜೆ ನೆರೆದ ಜನರ ನಡುವೆ ಭಕ್ತಿಗೀತೆಗಳನ್ನು ಹಾಡಿದರು. ಅವರ ತಂದೆಯೂ ಅಲ್ಲಿಗೆ ಬಂದಿದ್ದರು. ತಮ್ಮ ಮಗಳು ಚರ್ಚನ್ನು ಬಿಟ್ಟು ಹೋದವಳೇ ಅಲ್ಲವೆಂಬ ಅರ್ಥದ ಮಾತನ್ನಾಡಿದರು. ಆ ಎರಡು ಸಂಜೆಗಳ ಧ್ವನಿಮುದ್ರಣವು ಅವರ ಜೀವಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಸಂಪುಟಗಳಲ್ಲಿ ಒಂದಾಯಿತು. ಗದಗಿನ ಮನೆಯಲ್ಲಿ ತಾಯಿಯ ಹಾಡು ಕೇಳಿದ ಬಾಲಕನೂ ಡೆಟ್ರಾಯಿಟಿನ ಚರ್ಚಿನಲ್ಲಿ ಹಾಡಿದ ಬಾಲಕಿಯೂ ಒಬ್ಬರನ್ನೊಬ್ಬರು ಅರಿತವರಲ್ಲ. ಆದರೂ ಇಬ್ಬರಿಗೂ ಭಕ್ತಿಗೀತೆ ಹೊಸ ಊರಾಗಿರಲಿಲ್ಲ, ತವರಾಗಿತ್ತು.

ಇಷ್ಟಾದರೂ ಒಂದು ಆಕ್ಷೇಪವನ್ನು ನಾವು ತಳ್ಳಿಹಾಕುವಂತಿಲ್ಲ. ಶಾಸ್ತ್ರೀಯ ಸಂಗೀತದ ಸಾಧಕನು ಭಕ್ತಿಗೀತೆಗೆ ಬರುವುದು ಮೇಲಿನಿಂದ ಕೆಳಕ್ಕೆ ಇಳಿದಂತೆ; ಸುಲಭವಾಗಿ ಜನಪ್ರಿಯತೆಯನ್ನು ಗಳಿಸುವ ಉಪಾಯ ಅದು ಎನ್ನುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ದೇವರ ಹೆಸರು ಕಿವಿಗೆ ಬಿದ್ದೊಡನೆ ಕೇಳುಗನು ಕೈಮುಗಿಯುತ್ತಾನೆ. ಹಾಡು ಚೆನ್ನಾಗಿದೆಯೆ ಎಂದು ಕೇಳುವುದನ್ನು ಮರೆಯುತ್ತಾನೆ. ಆ ಮರೆವನ್ನೇ ಬಂಡವಾಳ ಮಾಡಿಕೊಂಡು, ಶ್ರುತಿಯಿಲ್ಲದೆ, ಅರ್ಥವರಿಯದೆ, ಧ್ವನಿವರ್ಧಕದ ಅಬ್ಬರದಿಂದಲೇ ಭಕ್ತಿಯನ್ನು ಮಾರುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದುದರಿಂದ ಭಕ್ತಿಗೀತೆಯನ್ನು ಹಾಡಿದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಹೇಗೆ ಹಾಡಿದರು ಎಂಬುದನ್ನೇ ನೋಡಬೇಕು. ಖ್ಯಾಲಿಗೆ ಕೊಟ್ಟ ಶ್ರದ್ಧೆಯನ್ನೇ ದೇವರನಾಮಕ್ಕೂ ಕೊಟ್ಟರೆ? ಬಡವರ ಮನೆಯ ಹಾಡೆಂದು ಸ್ವರದಲ್ಲಿ ಜಿಪುಣತನ ತೋರಲಿಲ್ಲವೆ? ದಾಸರ ಮಾತನ್ನು ಮುಂದಿಟ್ಟು ತಾವು ಹಿಂದೆ ನಿಂತರೆ? ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡಿದಾಗ ಭೀಮಸೇನರ ದಾಸವಾಣಿ ಗೆದ್ದು ನಿಲ್ಲುತ್ತದೆ.

ಅವರು ಖ್ಯಾಲನ್ನು ಕೈಬಿಡಲೂ ಇಲ್ಲ. ಗುರುಗಳ ನೆನಪಿನಲ್ಲಿ ಪುಣೆಯಲ್ಲಿ 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಸಂಗೀತೋತ್ಸವವನ್ನು ದಶಕಗಳ ಕಾಲ ಮುನ್ನಡೆಸಿದರು. ಅ.ನ.ಕೃಷ್ಣರಾಯರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ ಚಲನಚಿತ್ರಕ್ಕೆ 1966ರಲ್ಲಿ ಹಾಡಿದರು. ಅವರಿಗೆ 2005ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿಯೂ 2008ರಲ್ಲಿ ಭಾರತ ರತ್ನ ಪ್ರಶಸ್ತಿಯೂ ಸಂದವು. 2011ರ ಜನವರಿ 24ರಂದು ಅವರು ಪುಣೆಯಲ್ಲಿ ನಿಧನರಾದರು. ದಾಸವಾಣಿಯನ್ನು ಅವರ ಶಿಷ್ಯರು ಮುಂದುವರಿಸಿದರು. ಧಾರವಾಡದ ಮಾಧವ ಗುಡಿಯವರು ಅವರಲ್ಲಿ ಪ್ರಮುಖರು. ಹೀಗೆ ಅವರು ಒಂದನ್ನು ತೊರೆದು ಇನ್ನೊಂದನ್ನು ಹಿಡಿದವರಲ್ಲ. ಒಂದರ ಸಂಪತ್ತನ್ನು ಇನ್ನೊಂದರ ಸೇವೆಗೆ ತಂದವರು.

ಮತ್ತೆ ನೇತ್ರಾವತಿಯ ದಡಕ್ಕೆ ಬರೋಣ. ಸಂಜೆಯಾಗಿದೆ. ಭಜನೆ ನಡೆದಿದೆ. ನಾವು ಕಲ್ಪಿಸಿಕೊಂಡ ಆ ಹುಡುಗನು ಮತ್ತೊಮ್ಮೆ ಬಂದಿದ್ದಾನೆ. ಈ ಸಲ ಅವನು ಪಲ್ಲವಿಯನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಕಲಿತ ವಿದ್ಯೆ ಎಲ್ಲಿಗೂ ಹೋಗಿಲ್ಲ. ಶ್ರುತಿಯ ಶುದ್ಧಿಯಲ್ಲಿ, ಉಚ್ಚಾರದ ಸ್ಪಷ್ಟತೆಯಲ್ಲಿ, ಸಾಲಿನ ಕೊನೆಯ ಒಂದು ಪುಟ್ಟ ತಿರುವಿನಲ್ಲಿ ಅದು ಇದೆ. ಹಿಂದಿನಿಂದ ಹಾಡುವವರು ಅವನ ದನಿಗೆ ದನಿಗೂಡಿಸುತ್ತಾರೆ. ಮೂಲೆಯಲ್ಲಿ ಕುಳಿತ ಮುದುಕರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾರೆ. ಹುಡುಗನ ಕಂಠ ಚೆನ್ನಾಗಿದೆಯೆಂದು ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ಅವರೆಲ್ಲರೂ ಹಾಡುತ್ತಿದ್ದಾರೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಏಕಾಹ ಭಜನೆ ಎಂದರೇನು?
2. ತಂದೆಯು ಬಾಲಕ ಭೀಮಸೇನನ ಅಂಗಿಯ ಮೇಲೆ ಏನೆಂದು ಬರೆದರು? ಏಕೆ?
3. ಭೀಮಸೇನ ಜೋಶಿಯವರ ಗುರುಗಳು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಖ್ಯಾಲಿಗೂ ದೇವರನಾಮಕ್ಕೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
2. ವಚನಗಳನ್ನು ತಾಳದಲ್ಲಿ ಹಾಡುವುದು ಏಕೆ ಕಷ್ಟ?
3. ಟಾಮಸ್ ಡಾರ್ಸಿಯವರು ಎದುರಿಸಿದ ವಿರೋಧವೇನು? ಅದು ಹೇಗೆ ಕೊನೆಗೊಂಡಿತು?

ಇ) ಸಂದರ್ಭದೊಡನೆ ವಿವರಿಸಿರಿ.
1. “ಎಲೆಯಡಕೆಯಾಗಿದ್ದುದೇ ಊಟವಾಯಿತು.”
2. “ಹುಡುಗನ ಕಂಠವನ್ನು ಎಲ್ಲರೂ ಕೇಳಿದರು, ಆದರೆ ಹಾಡನ್ನು ಯಾರೂ ಕೇಳಲಿಲ್ಲ.”

ಈ) ನಿಮ್ಮ ಊರಿನಲ್ಲಿ ಹಾಡುವ ಒಂದು ಭಜನೆ ಅಥವಾ ತತ್ತ್ವಪದವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಅದರ ಅರ್ಥವನ್ನು ತರಗತಿಯಲ್ಲಿ ಚರ್ಚಿಸಿರಿ.